ಬೆಟ್ಟ ಕಾಣುವ ಹೊಲ

"ಬೆಟ್ಟಾನ ಬರ್ಕಂಡೋಗಕ್ಕೆ ಬೆಂಗ್ಳೂರಿಂದ ಬಂದವ್ನಾ ಈ ಮಗ?" ಅಂತ ಅವ್ವ ಕೇಳಿದಳು.

ಹೌದು ಅಂದೆ.

"ಬರ್ಕಂಡೋಗ್ಲಿ ಬುಡು. ಬಂಡೆ ಒಡ್ದು ಲಾರೀಲಿ ಹೇರ್ಕಂಡೋಗೋರ್ಗಿಂತ ವಾಸಿ" ಅಂದವಳೇ ಒಲೆ ಮುಂದೆ ಕೂತು ನಮ್ಮಿಬ್ಬರಿಗೂ ರಾಗಿ ರೊಟ್ಟಿ ತಟ್ಟಿದಳು.

ಗೆಳೆಯ ಚಿತ್ರಕಲೆ ಓದಿದವನು. ನಗರದಲ್ಲೇ ಹುಟ್ಟಿದವನು. ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ಊಟದ ವಿಚಾರಕ್ಕೆ ನಾವು ಧರಣಿ ಕೂತಾಗ ಬ್ಯಾನರು ಬರೆದುಕೊಡಲು ಬಂದು, ಬ್ಯಾನರು ಬರೆದ ಮೇಲೆ ಮನೆಗೆ ಹೋಗದೆ ನಮ್ಮ ಜೊತೆಗೇ ಕೂತವನು. ಆದ್ದರಿಂದ ಅವನ ಮೇಲೆ ನನಗೆ ದೂರಿಲ್ಲ. ಈ ಬರಹದಲ್ಲಿ ಅವನ ಜೊತೆ ನಾನು ಆಡಿದ ಜಗಳವೆಲ್ಲ ಅರ್ಧ ನನ್ನ ಜೊತೆಗೇ ಆಡಿದ್ದು.

ನಮ್ಮೂರು ಸಾವನದುರ್ಗಕ್ಕೆ ಮೂಡಲಿಗಿದೆ. ಬೆಳಗಿನ ಬಿಸಿಲು ನಮ್ಮ ಬೆನ್ನ ಮೇಲೆ ಬಿದ್ದು ಬೆಟ್ಟದ ಮುಖಕ್ಕೆ ಹೊಡೆಯುತ್ತದೆ. ಬೆಂಗಳೂರಿನ ಕಲಾಶಾಲೆಗಳ ಹುಡುಗ ಹುಡುಗಿಯರು ಭಾನುವಾರ ಬಂದರೆ ಹಲಗೆ, ಬಣ್ಣದ ಪೆಟ್ಟಿಗೆ, ಮಡಿಸುವ ಸ್ಟೂಲು ಹಿಡಿದು ಕೆರೆ ಏರಿಯ ಮೇಲೆ ಕೂರುತ್ತಾರೆ. ಬಂಡೆ ಬರೆಯಲು ಬಾರದವನಿಗೆ ಭೂದೃಶ್ಯ ಬಾರದು ಅಂತ ಅವರ ಮೇಷ್ಟ್ರು ಹೇಳಿಕೊಡುತ್ತಾರಂತೆ. ಭೂದೃಶ್ಯ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಈ ಗೆಳೆಯನ ಬಾಯಲ್ಲಿ. ಅಲ್ಲಿಯವರೆಗೂ ಭೂಮಿ ಬೇರೆ, ದೃಶ್ಯ ಬೇರೆ ಅಂದುಕೊಂಡಿದ್ದೆ. ಭೂಮಿ ಅಂದರೆ ಯಾರದೋ ಹೆಸರಿನ ಪಹಣಿ. ದೃಶ್ಯ ಅಂದರೆ ಸಿನಿಮಾ.

ಕಾರ್ತಿಕದ ಕೊನೆಯ ವಾರ. ಬೆಳಿಗ್ಗೆ ಆರಕ್ಕೆಲ್ಲ ಹೊರಟೆವು. ಇಬ್ಬನಿ ಬಿದ್ದು ಬದುವಿನ ಹುಲ್ಲೆಲ್ಲ ತೊಯ್ದಿತ್ತು. ಅವರೆ ಬಳ್ಳಿಯ ಸೊಗಡು ದಾರಿಯುದ್ದಕ್ಕೂ ಮೂಗಿಗೆ ಬರುತ್ತಿತ್ತು. ಗೆಳೆಯ ಉಸಿರೆಳೆದುಕೊಂಡು, "ಶರದೃತುವಿನ ಕೊನೆ. ಇಂಥ ಬೆಳಕು ವರ್ಷದಲ್ಲಿ ಹದಿನೈದು ದಿನ ಸಿಗೋದು" ಅಂದ.

ನಮ್ಮ ಕೇರಿಯಲ್ಲಿ ಶರದೃತು ಎಂಬ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ನಮಗೆ ಇರುವುದು ಮುಂಗಾರು, ಕಳೆ, ಕುಯ್ಲು, ಕಣ. ಅದಾದ ಮೇಲೆ ಬರಿಗೈ. ಕುಯ್ಲುಗಾಲ ಎಂದರೆ ಕೂಲಿ ಸಿಗುವ ಕಾಲ. ಅವ್ವನ ಸೆರಗಿನ ಗಂಟಿನಲ್ಲಿ ದುಡ್ಡಿರುವ ಕಾಲ. ನಮಗೆ ಹೊಸ ಅಂಗಿ ಬರುತ್ತಿದ್ದುದು ದೀಪಾವಳಿಗಲ್ಲ, ರಾಗಿ ಕುಯ್ಲು ಮುಗಿದ ಮೇಲೆ. ಗೆಳೆಯನ ಹದಿನೈದು ದಿನದ ಬೆಳಕೂ ಅವ್ವನ ಹದಿನೈದು ದಿನದ ಕೂಲಿಯೂ ಒಂದೇ ಹದಿನೈದು ದಿನ ಎಂಬುದು ನನಗೆ ಹೊಳೆದದ್ದು ಆ ದಿನ.

ಊರು ದಾಟಿದ ಮೇಲೆ ಹೊಲಗಳು ಬಿಚ್ಚಿಕೊಂಡವು. ರಾಗಿ ಹಣ್ಣಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಅದರ ನಡುನಡುವೆ ಅಕ್ಕಡಿ ಸಾಲು. ಒಂದು ಸಾಲು ಅವರೆ, ಒಂದು ಸಾಲು ಜೋಳ, ಒಂದು ಸಾಲು ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿ ಹೂವು ಎಳೆಬಿಸಿಲಿಗೆ ದೀಪದ ಸಾಲಿನ ಹಾಗೆ ಕಾಣುತ್ತಿತ್ತು. ಗೆಳೆಯ ನಿಂತುಬಿಟ್ಟ. "ಕಂದು ಬಣ್ಣದ ನಡುವೆ ಹಳದಿ ಗೆರೆ ಎಳೀಬೇಕು ಅಂತ ಇವರಿಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದ.

ಯಾರೂ ಹೇಳಿಕೊಟ್ಟಿಲ್ಲ, ಹಸಿವು ಹೇಳಿಕೊಟ್ಟಿದೆ ಅಂದೆ. ಮಳೆ ಕೈಕೊಟ್ಟು ರಾಗಿ ಹೋದರೆ ಅವರೆ ಉಳಿಯಲಿ, ಅವರೆಗೆ ಹುಳ ಬಿದ್ದರೆ ಹುಚ್ಚೆಳ್ಳು ಉಳಿಯಲಿ, ಹುಚ್ಚೆಳ್ಳು ಗಾಣಕ್ಕೆ ಹೋದರೆ ಒಂದು ಸೀಸೆ ಎಣ್ಣೆಯಾದರೂ ಆಗಲಿ ಎಂದು ಎಳೆದ ಗೆರೆ ಅದು. ಗೆಳೆಯ ಮಾತಾಡಲಿಲ್ಲ. ನಾನು ಗೆದ್ದೆ ಎಂದುಕೊಂಡು ಮುಂದೆ ನಡೆದೆ. ಆಗ ನನಗೆ ಗೊತ್ತಿರಲಿಲ್ಲ, ನನ್ನ ಮಾತೂ ಅರ್ಧದ್ದೇ ಎಂದು.

ದಾರಿಯ ಎರಡೂ ಕಡೆ ತಂಗಡಿ ಗಿಡ. ಅದೂ ಹಳದಿ. ಅವನು ಅದರ ಒಂದು ರೆಂಬೆ ಮುರಿದು ಪುಸ್ತಕದೊಳಗೆ ಇಟ್ಟುಕೊಂಡ. ನನಗೆ ತಾತ ನೆನಪಾದ. ತಂಗಡಿ ಚಕ್ಕೆ ಸುಲಿದು, ನೀರಲ್ಲಿ ನೆನೆಹಾಕಿ, ಅದರಲ್ಲಿ ತೊಗಲು ಹದ ಮಾಡುತ್ತಿದ್ದ ಮನುಷ್ಯ. ಅವನ ಅಂಗೈ ಸಾಯುವತನಕವೂ ಕೆಂಪಗೇ ಇತ್ತು. ಕಪಿಲೆ ಬಾವಿಗೆ ತೊಗಲ ಚೀಲ, ನೇಗಿಲಿಗೆ ಮಿಣಿ, ಗೌಡರ ಕಾಲಿಗೆ ಮೆಟ್ಟು, ಎಲ್ಲ ಆ ಕೈಯಿಂದಲೇ ಆಗಬೇಕಿತ್ತು. ಈ ಹೊಲಗಳಿಗೆ ನೀರು ಹರಿದದ್ದು ತಾತ ಹೊಲಿದ ಚೀಲದಲ್ಲಿ. ಆದರೂ ಅವನು ಆ ಬಾವಿಗಿಳಿದು ನೀರು ಕುಡಿಯುವ ಹಾಗಿರಲಿಲ್ಲ. ಅದೇ ತಂಗಡಿ, ದಾರಿಯಲ್ಲಿದ್ದರೆ ಹೂವು, ನಮ್ಮ ಹಟ್ಟಿಗೆ ಬಂದರೆ ನಾತ.

ಗೆಳೆಯ ಬೆಟ್ಟದ ಮೇಲಿನ ಆಕಾಶ ತೋರಿಸಿ, ದೊಡ್ಡದೊಂದು ಹಕ್ಕಿ ಇದ್ದಿದ್ದರೆ ಚಿತ್ರಕ್ಕೆ ಕಳೆ ಬರುತ್ತಿತ್ತು ಅಂದ. ತಾತನ ಕಾಲಕ್ಕೆ ಅಲ್ಲಿ ರಣಹದ್ದು ಸುತ್ತುತ್ತಿದ್ದವಂತೆ. ಹದ್ದು ಸುತ್ತಿದರೆ ಎಲ್ಲೋ ದನ ಸತ್ತಿದೆ ಎಂದು ಅರ್ಥ. ಊರಿನಿಂದ ಹೇಳಿಕೆ ಬರುವ ಮೊದಲೇ ತಾತ ಕತ್ತಿ ಮಸೆಯುತ್ತಿದ್ದ. "ಅವೂ ನಾವೂ ಪಾಲುದಾರ್ರು ಕಣ್ಲಾ" ಎನ್ನುತ್ತಿದ್ದ. 1990ರ ದಶಕದಿಂದೀಚೆಗೆ ನಮ್ಮ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆ ಸೇರಿ ಕೊಂದಿತು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಎಂದು ಸಾರಿದರು. 'ಶೋಲೆ' ಸಿನಿಮಾ ತೆಗೆದದ್ದೂ ಆ ಬಂಡೆಗಳ ನಡುವೆಯೇ. ಹದ್ದಿಗೆ ಒಂದು ನೆಲೆಯಾದದ್ದು ಸಂತೋಷದ ಮಾತು. ಅದೇ ಹೆಣದ ಸುತ್ತ ಹದ್ದಿನ ಜೊತೆ ನಿಂತಿದ್ದ ಮನುಷ್ಯರಿಗೆ ಎಲ್ಲಿ ನೆಲೆ ಎಂದು ಮಾತ್ರ ಯಾರೂ ಸಾರಿ ಹೇಳಲಿಲ್ಲ.

ಒಂದು ತಿರುವಿನಲ್ಲಿ ಬೆಟ್ಟ ಪೂರ್ತಿ ಕಂಡಿತು. ಸಾವನದುರ್ಗಕ್ಕೆ ಎರಡು ನೆತ್ತಿ. ಕರಿಗುಡ್ಡ, ಬಿಳಿಗುಡ್ಡ. ಸಮುದ್ರಮಟ್ಟದಿಂದ 1226 ಮೀಟರು. ಏಕಶಿಲೆ ಎನ್ನುತ್ತಾರೆ. ಮೊದಲು ನೀಲಿಯಾಗಿತ್ತು. ಬಿಸಿಲೇರಿದ ಹಾಗೆ ಬೂದಿಯ ಬಣ್ಣ, ಆಮೇಲೆ ತಾಮ್ರದ ಬಣ್ಣ. ಭೂವಿಜ್ಞಾನಿಗಳು ಈ ಕಲ್ಲಿನ ಸಾಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೆ ಹಿಂದೆ ಇದ್ದ ಹೆಸರು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಹಳೆಯ ಕಲ್ಲಿನ ಮುಂದೆ ನಿಂತರೆ ಮನು ಮೊನ್ನೆ ಹುಟ್ಟಿದವನು. ಆ ಕಲ್ಲಿಗೆ ಊರೂ ಗೊತ್ತಿಲ್ಲ, ಕೇರಿಯೂ ಗೊತ್ತಿಲ್ಲ. ನನಗೆ ಬೆಟ್ಟ ಇಷ್ಟವಾಗುವುದಕ್ಕೆ ಅದೂ ಒಂದು ಕಾರಣ.

ನಡೆಯುತ್ತ ಗೆಳೆಯ ಒಂದು ಚರಿತ್ರೆ ಹೇಳಿದ. ಬೆಟ್ಟವನ್ನು ಕಾಗದದ ಮೇಲೆ ಇಳಿಸಿ ಹೊರದೇಶಕ್ಕೆ ಒಯ್ದವರಲ್ಲಿ ರಾಬರ್ಟ್ ಹೋಮ್ ಒಬ್ಬ. ಅವನು ಸುಮ್ಮನೆ ತಿರುಗಾಡಲು ಬಂದವನಲ್ಲ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದವನು. 1791ರ ಡಿಸೆಂಬರ್ 21ರಂದು ಆ ಸೈನ್ಯ ಸಾವನದುರ್ಗವನ್ನು ಹಿಡಿಯಿತು. 1794ರಲ್ಲಿ ಹೋಮನ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾದವು. ಮೈಸೂರು ಸೀಮೆಯ ಆಯ್ದ ನೋಟಗಳು ಎಂದು ಅದರ ಹೆಸರಿನ ಅರ್ಥ. ಸಾವನದುರ್ಗವೂ ಅದರಲ್ಲಿದೆ. ಅದೇ ಯುದ್ಧದ ಕಾಲದ ಇನ್ನೊಬ್ಬ ಸೇನಾಧಿಕಾರಿ ಜೇಮ್ಸ್ ಹಂಟರ್. ಅವನು 1792ರಲ್ಲೇ ಸತ್ತ. ಸತ್ತ ಮೇಲೆ 1804-05ರಲ್ಲಿ ಅವನ ಮೈಸೂರು ಸೀಮೆಯ ಚಿತ್ರಗಳು ಅಚ್ಚಾದವು.

ಇದೇ ಕುಯ್ಲುಗಾಲ ಮುಗಿಯುವ ಹೊತ್ತು ಅದು. ಫಿರಂಗಿ ಎಳೆದ ದಾರಿಯಲ್ಲಿದ್ದ ರಾಗಿ ಯಾರದ್ದು? ಅದನ್ನು ಕುಯ್ದವರು ಯಾರು? ಗೆಳೆಯ ತನ್ನ ಮೊಬೈಲಿನಲ್ಲಿ ಆ ಕಾಲದ ಕೆಲವು ಚಿತ್ರ ತೋರಿಸಿದ. ಬೆಟ್ಟ ದೊಡ್ಡದು, ಆಕಾಶ ದೊಡ್ಡದು, ಕೆಳಗೆ ಮೂಲೆಯಲ್ಲಿ ಒಂದೆರಡು ಮನುಷ್ಯರು ಇರುವೆಯಷ್ಟು.

"ಇವರು ಯಾರು?"

"ಯಾರೂ ಅಲ್ಲ. ಅಳತೆಗೆ ಇಡೋದು. ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರೆ ಬೆಟ್ಟ ಎಷ್ಟು ದೊಡ್ಡದು ಅಂತ ನೋಡೋರಿಗೆ ಗೊತ್ತಾಗುತ್ತೆ."

ಅಳತೆಗೆ ಇಡುವ ಮನುಷ್ಯರು. ಈ ಮಾತು ನನ್ನೊಳಗೆ ಮುಳ್ಳಿನಂತೆ ನೆಟ್ಟುಕೊಂಡಿತು. ಗೌಡರ ಮನೆ ಎಷ್ಟು ದೊಡ್ಡದು ಎಂದು ಗೊತ್ತಾಗಬೇಕಾದರೆ ಅಂಗಳದಾಚೆ ನಮ್ಮಪ್ಪ ನಿಂತಿರಬೇಕು. ದೇವಸ್ಥಾನದ ಗೋಪುರ ಎಷ್ಟು ಎತ್ತರ ಎಂದು ಗೊತ್ತಾಗಬೇಕಾದರೆ ಕೆಳಗೆ, ದೂರದಲ್ಲಿ, ನಮ್ಮವ್ವ ಕೈಮುಗಿದಿರಬೇಕು. ತಲೆತಲಾಂತರದಿಂದ ನಮ್ಮ ಕೆಲಸ ಇದೇ ಆಗಿತ್ತಲ್ಲ.

ಮಂಚನಬೆಲೆಯ ಹತ್ತಿರ ಅರ್ಕಾವತಿಗೆ ಕಟ್ಟಿದ ಅಣೆಯ ನೀರು ಕಂಡಿತು. ನೀರಿನಲ್ಲಿ ಗುಡ್ಡದ ನೆರಳು ತಲೆಕೆಳಗಾಗಿ ಬಿದ್ದಿತ್ತು. ಗೆಳೆಯ ಬಣ್ಣದ ಪೆಟ್ಟಿಗೆ ಬಿಚ್ಚಲು ಜಾಗ ಹುಡುಕುತ್ತಿದ್ದ. ನಾನು ಆ ಊರಿನ ಕಡೆ ಮುಖಮಾಡಿ ಸ್ವಲ್ಪ ಹೊತ್ತು ನಿಂತೆ. ನಮ್ಮ ಕವಿ ಸಿದ್ಧಲಿಂಗಯ್ಯನವರು 1954ರಲ್ಲಿ ಹುಟ್ಟಿದ್ದು ಈ ಮಂಚನಬೆಲೆಯಲ್ಲಿ. 2021ರಲ್ಲಿ ತೀರಿಕೊಂಡರು. ಅವರ 'ಊರುಕೇರಿ' ಓದಿದವರಿಗೆ ಮೊದಲಲ್ಲೇ ಬರುವ ಒಂದು ಪ್ರಸಂಗ ಮರೆಯುವುದಿಲ್ಲ. ಎತ್ತುಗಳಿರಬೇಕಾದ ಜಾಗದಲ್ಲಿ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಹಿಂದೊಬ್ಬ ಉಳುತ್ತಿದ್ದಾನೆ, ದೂರದಿಂದ ನೋಡುತ್ತಿರುವ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಎಂದು ತಿಳಿಯುತ್ತದೆ.

ಗೆಳೆಯರೆ, ಆ ಹುಡುಗ ನೋಡಿದ್ದೂ ಒಂದು ಭೂದೃಶ್ಯವೇ. ಹೊಲವಿತ್ತು, ಗುಡ್ಡವಿತ್ತು, ಬೆಳಕೂ ಇದ್ದಿರಬೇಕು. ನೊಗ ಹೊತ್ತ ಇಬ್ಬರು ಮನುಷ್ಯರು ದೂರಕ್ಕೆ ಚಿಕ್ಕದಾಗಿ ಕಂಡಿರಬೇಕು. ಸೈನ್ಯದ ಜೊತೆ ಬಂದ ಚಿತ್ರಕಾರನಾಗಿದ್ದರೆ ಅವರನ್ನು ಅಳತೆಗೆ ಇಟ್ಟು ಮುಂದಕ್ಕೆ ಹೋಗುತ್ತಿದ್ದ. ನೋಡಿದವನು ಮಗನಾಗಿದ್ದರಿಂದ ಅಳತೆಯೇ ಬದಲಾಯಿತು. ಆ ನೊಗದ ಮುಂದೆ ಬೆಟ್ಟ ಸಣ್ಣದಾಯಿತು. ಆ ಹುಡುಗನಿಂದ 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು, ಕನ್ನಡದ ಕಾವ್ಯವೂ ಬದಲಾಯಿತು. ನಾವು ಬರೆಯುತ್ತಿರುವುದು ಅವರು ಬೀಳಿಸಿದ ದಾರಿಯಲ್ಲಿ.

ಗುಡ್ಡದ ಸೆರಗಿನಲ್ಲಿ ಒಂದು ಏರುತಗ್ಗಿನ ಹೊಲ. ಮಿಷನ್ನು ಇಳಿಯುವ ಹಾಗಿಲ್ಲ, ಕೈಯಲ್ಲೇ ಕುಯ್ಯಬೇಕು. ಏಳೆಂಟು ಹೆಂಗಸರು ಸಾಲುಬಿದ್ದು ರಾಗಿ ಕುಯ್ಯುತ್ತಿದ್ದರು. ಅವರಲ್ಲಿ ನಮ್ಮ ದೊಡ್ಡವ್ವನೂ ಇದ್ದಳು. ನನ್ನ ಗೆಳೆಯನಿಗೆ ಬೇಕಾಗಿದ್ದ ಜಾಗ ಅದೇ ಆಗಿತ್ತು. ಹಿಂದೆ ಬೆಟ್ಟ, ಮುಂದೆ ಕಂದು ಹೊಲ, ಕುಯ್ದ ಕಡೆ ಅರಿಗಳ ಸಾಲು. ಹುಣಸೆಮರದ ಕೆಳಗೆ ಹಲಗೆ ನಿಲ್ಲಿಸಿದ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯಲ್ಲಿ ಕೇಳಿದ. "ಅವರು ಒಂಚೂರು ಎಡಗಡೆಗೆ ಬಂದರೆ ಚಿತ್ರ ಸರಿಹೋಗುತ್ತೆ. ಹೇಳ್ತೀಯಾ?"

ನನಗೆ ನಾಲಿಗೆ ಏಳಲಿಲ್ಲ. ಅವನೇ ಹೋಗಿ ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ದೊಡ್ಡವ್ವ ಸೊಂಟ ನೆಟ್ಟಗೆ ಮಾಡಿಕೊಂಡು, "ಎಡಕ್ಕೇ ಕುಯ್ತೀವಿ ಕಣಪ್ಪಾ, ಎಷ್ಟ್ ಕೊಟ್ಟೀಯೆ ಕೂಲೀಯ?" ಅಂದಳು.

ಗೆಳೆಯನ ಮುಖ ಕೆಂಪಾಯಿತು. ಆದರೆ ಅವನು ವಾಪಸು ಬರಲಿಲ್ಲ. ಅಲ್ಲೇ ಬದುವಿನ ಮೇಲೆ ಕೂತ. ತಿಂಡಿ ಹೊತ್ತಿಗೆ ಎಲ್ಲರೂ ಬಂದು ಕೂತಾಗ ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೆಗೆದು ದೊಡ್ಡವ್ವನ ಕೈಗೇ ಕೊಟ್ಟ. ಫ್ರಾನ್ಸ್ ದೇಶದ ಮಿಲೆ ಎಂಬ ಚಿತ್ರಕಾರ 1857ರಲ್ಲಿ ತೋರಿಸಿದ್ದು. ಮೂವರು ಹೆಂಗಸರು. ಕುಯ್ಲಾದ ಹೊಲದಲ್ಲಿ ಬಗ್ಗಿ ಬಿದ್ದ ತೆನೆ ಆಯುತ್ತಿದ್ದಾರೆ. ಹಿಂದೆ ದೂರದಲ್ಲಿ ಒಡೆಯನ ಮೆದೆಗಳು, ಕುದುರೆಯ ಮೇಲೆ ಕೂತ ಒಬ್ಬ ಮೇಲ್ವಿಚಾರಕ. ಆದರೆ ಇಲ್ಲಿ ಹೆಂಗಸರೇ ದೊಡ್ಡವರು, ಮೆದೆ ಚಿಕ್ಕದು, ಕುದುರೆಯವನು ಇರುವೆ. ಆ ಚಿತ್ರಕಾರ ರೈತನ ಮಗನಂತೆ. ಚಿತ್ರ ನೋಡಿದ ಪ್ಯಾರಿಸ್ಸಿನ ದೊಡ್ಡ ಜನರಲ್ಲಿ ಹಲವರಿಗೆ ಸಿಟ್ಟು ಬಂದಿತಂತೆ.

ದೊಡ್ಡವ್ವ ಮೊಬೈಲನ್ನು ಬಿಸಿಲಿಗೆ ಮರೆಮಾಡಿ ಹಿಡಿದು ಬಹಳ ಹೊತ್ತು ನೋಡಿದಳು.

"ಹಕ್ಕಲು ಆಯ್ತಾವ್ರೆ" ಅಂದಳು. "ಇವ್ರೂ ನಮ್ಮೋರೇನ್ಲಾ?"

"ಬೇರೆ ದೇಶದೋರು ದೊಡ್ಡವ್ವ."

"ಯಾವ ದೇಶ್ದೋರಾದ್ರೇನು. ಈ ಕೊನೇಲಿರೋಳ್ಗೆ ಸೊಂಟ ಹಿಡ್ಕಂಡೈತೆ ನೋಡು, ಪೂರ್ತಿ ಬಗ್ಗಕ್ಕಾಗ್ತಿಲ್ಲ. ಬರ್ದೋನು ಹತ್ರದಿಂದ ನೋಡವ್ನೆ."

ಗೆಳೆಯ ಚಿತ್ರ ಮತ್ತೊಮ್ಮೆ ತೆಗೆದು ನೋಡಿದ. ನಿಜ. ಬಲಗಡೆಯವಳು ಅರ್ಧ ಮಾತ್ರ ಬಗ್ಗಿದ್ದಳು. ಐದು ವರ್ಷ ಚಿತ್ರಕಲೆ ಓದಿದ ತನಗೆ ಇದು ಕಂಡಿರಲಿಲ್ಲ ಎಂದು ಅವನೇ ಒಪ್ಪಿಕೊಂಡ. ಓದಿಲ್ಲದ ದೊಡ್ಡವ್ವನಿಗೆ ಕಂಡಿತು. ಚಿತ್ರ ನೋಡಲು ಕಣ್ಣು ಬೇಕು ಎನ್ನುತ್ತಾರೆ. ಅದಕ್ಕೆ ಸೊಂಟವೂ ಬೇಕು ಅಂತ ನಾನು ಕಲಿತೆ.

ಅಲ್ಲಿಂದ ಮುಂದಕ್ಕೆ ಡಾಂಬರು ರಸ್ತೆ. ಈಗ ಕಣ ಮಾಡುವವರು ಕಡಿಮೆ. ಕುಯ್ದ ರಾಗಿಯನ್ನು ರಸ್ತೆಗೆ ಹರಡಿಬಿಡುತ್ತಾರೆ. ಬೆಟ್ಟ ನೋಡಲು ಬರುವ ಬೆಂಗಳೂರಿನ ಕಾರುಗಳು ಅದರ ಮೇಲೆ ಹಾದು ತೆನೆ ಬಿಡಿಸುತ್ತವೆ. ಕಾರಿನೊಳಗಿದ್ದವರಿಗೆ ತಾವು ಒಕ್ಕಣೆ ಮಾಡುತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ. ಕೂಲಿ ಇಲ್ಲದೆ ದುಡಿಯುವ ಸರದಿ ಒಂದು ಘಳಿಗೆಯಾದರೂ ಅವರಿಗೂ ಬಂತಲ್ಲ ಎಂದು ನಾವಿಬ್ಬರೂ ನಕ್ಕೆವು.

ನಗು ನಿಂತದ್ದು ಒಂದು ಬೇಲಿಯ ಹತ್ತಿರ. ಕಲ್ಲುಕಂಬ, ಮುಳ್ಳುತಂತಿ, ದೊಡ್ಡ ಗೇಟು. ಅದರ ಮೇಲೊಂದು ಬೋರ್ಡು. ಬೆಟ್ಟ ಕಾಣುವ ಜಮೀನು ಮಾರಾಟಕ್ಕಿದೆ ಎಂದು ಬರೆದಿತ್ತು. ಬೆಟ್ಟದ ಚಿತ್ರವೂ ಇತ್ತು. ಒಳ್ಳೆಯ ಚಿತ್ರ. ಹಳದಿ ಹೂವೂ ಇತ್ತು. ಮನುಷ್ಯರಿರಲಿಲ್ಲ, ಅಳತೆಗೂ ಇರಲಿಲ್ಲ.

ಆ ಬೇಲಿಯೊಳಗೆ ಎರಡು ಎಕರೆ ನಮ್ಮ ತಾತನದು. ದರಖಾಸ್ತಿನಲ್ಲಿ ಸರ್ಕಾರ ಕೊಟ್ಟದ್ದು. ಮಾರಬಾರದು ಎಂಬ ಕಟ್ಟಳೆಯ ಮೇಲೆ ಕೊಟ್ಟದ್ದು. ಅತ್ತೆಯ ಮದುವೆಗೆ ಸಾಲ ತಂದಾಗ ಹೆಬ್ಬೆಟ್ಟೊತ್ತಿದ ಕಾಗದ ಸಾಲಪತ್ರವಲ್ಲ, ಕ್ರಯಪತ್ರ ಎಂದು ತಾತನಿಗೆ ತಿಳಿಯುವ ಹೊತ್ತಿಗೆ ಹೊಲ ಎರಡು ಕೈ ಬದಲಾಯಿಸಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಹೀಗೆ ಕೈಬಿಟ್ಟು ಹೋಗಬಾರದು, ಹೋಗಿದ್ದರೆ ಹಿಂದಕ್ಕೆ ಬರಬೇಕು ಎಂದೇ 1978ರ ಪರಭಾರೆ ನಿಷೇಧ ಕಾಯ್ದೆ ಬಂದದ್ದು. ಆ ಕಾಯ್ದೆ ಇದೆಯೆಂಬ ಸುದ್ದಿ ನಮ್ಮ ಹಟ್ಟಿಗೆ ಬರಲು ಎಷ್ಟೋ ವರ್ಷ ಬೇಕಾಯಿತು. ಅಪ್ಪ ಅರ್ಜಿ ಹಾಕಿದ. ಇಂಥ ಅರ್ಜಿಯನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಡವಾಯಿತು ಎಂದು ಅಪ್ಪನ ಅರ್ಜಿ ಬಿತ್ತು. ದಲಿತ ಸಂಘಟನೆಗಳು ಹೋರಾಡಿದ ಮೇಲೆ, ಕಾಲಮಿತಿ ಇಲ್ಲವೆಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಅಪ್ಪ ಮತ್ತೆ ಅರ್ಜಿ ಹಾಕಿದ್ದಾನೆ. ಕಡತ ಕಛೇರಿಯಲ್ಲಿದೆ. ಅಪ್ಪ ತಿಂಗಳಿಗೊಂದು ದಿನ ಕೂಲಿ ಬಿಟ್ಟು ಹೋಗಿ ಅದನ್ನು ನೋಡಿಕೊಂಡು ಬರುತ್ತಾನೆ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಬೇಲಿ ಹಿಡಿದು ನಿಂತು, "ನಿಮ್ಮ ಹೊಲದಿಂದ ಬೆಟ್ಟ ಚೆನ್ನಾಗಿ ಕಾಣುತ್ತಾ?" ಅಂದ. ಕುಹಕದಿಂದ ಕೇಳಿದ್ದಲ್ಲ.

ನನಗೆ ಗೊತ್ತಿಲ್ಲ. ನಾನು ಆ ಹೊಲದೊಳಗೆ ಒಂದು ದಿನವೂ ನಿಂತಿಲ್ಲ. ನೋಟಕ್ಕೂ ಕ್ರಯವಾಗುತ್ತದೆ. ಹೊಲ ಹೋದರೆ ಹೊಲದಿಂದ ಕಾಣುವ ಬೆಟ್ಟವೂ ಹೋಗುತ್ತದೆ. ಭೂಮಿ ಯಾರದೋ ದೃಶ್ಯವೂ ಅವರದೇ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಪದವಿಯ ಎರಡನೆಯ ವರ್ಷದಲ್ಲಿ ನಾನು ಈ ಬೆಟ್ಟದ ಮೇಲೆ ಒಂದು ಕವಿತೆ ಬರೆದಿದ್ದೆ. ಮಂಜು, ಹುಚ್ಚೆಳ್ಳಿನ ಹೂವು, ಬಂಗಾರದ ಬಿಸಿಲು, ಎಲ್ಲ ಇತ್ತು. ಬಹುಮಾನ ಬಂತು. ರಜೆಗೆ ಬಂದಾಗ ಅವ್ವನಿಗೆ ಓದಿ ಹೇಳಿದೆ. ಅವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿ, "ಚೆಂದಾಗೈತೆ ಕಣ್ಲಾ. ಯಾವೂರ್ದು?" ಅಂದಳು.

ಆ ಪ್ರಶ್ನೆಗೆ ನಾಚಿ ಕವಿತೆ ಹರಿದುಹಾಕಿದೆ. ಆಮೇಲೆ ಹೂವು, ಮಂಜು, ಬೆಟ್ಟ ಯಾವುದನ್ನೂ ಬರೆಯಲಿಲ್ಲ. ಬೆವರು, ರಕ್ತ, ಬೆಂಕಿ ಎಂದು ಬರೆದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ ಹಿರಿಯರು ಹೊಟ್ಟೆ ತುಂಬಿದವರ ನಿಸರ್ಗ ಗೀತೆಗಳನ್ನು ಅನುಮಾನದಿಂದ ನೋಡಲು ಕಲಿಸಿದರು. ಆ ಅನುಮಾನ ಸರಿಯಾದದ್ದೇ. ಆದರೆ ನಾನು ಅದನ್ನು ಸುಲಭ ಮಾಡಿಕೊಂಡೆ. ಚೆಂದ ಎಂಬುದೇ ಅವರದು, ನೋವು ಮಾತ್ರ ನಮ್ಮದು ಎಂದು ಪಾಲು ಹಂಚಿಬಿಟ್ಟೆ. ಬೆಳಿಗ್ಗೆ ಹುಚ್ಚೆಳ್ಳಿನ ಗೆರೆ ಹಸಿವಿನ ಗೆರೆ ಎಂದು ಗೆಳೆಯನ ಬಾಯಿ ಮುಚ್ಚಿಸಿದೆನಲ್ಲ, ಅದೂ ಈ ಪಾಲುಪಟ್ಟಿಯ ಮಾತೇ.

ಅದು ತಪ್ಪು ಎಂದು ಅವ್ವ ತೋರಿಸಿಕೊಟ್ಟದ್ದು ಆ ಸಂಜೆ. ಬೆಟ್ಟದ ಬುಡ ಮುಟ್ಟಿ, ಬಸ್ಸು ಹಿಡಿದು ನಾವು ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಗೆಳೆಯ ಚಿತ್ರವನ್ನು ಗೋಡೆಗೆ ಒರಗಿಸಿದ. ಕುಯ್ಯುವ ಹೆಂಗಸರು ಅದರಲ್ಲಿದ್ದರು, ಅವರಿದ್ದ ಜಾಗದಲ್ಲೇ. ಎಡಕ್ಕೆ ಸರಿಸಿರಲಿಲ್ಲ. ಬೆಟ್ಟ ನೀಲಿಯಾಗಿತ್ತು.

ಅವ್ವ ನೋಡಿದಳು. "ನೀಲಿ ಜಾಸ್ತಿಯಾಯ್ತು ಕಣಪ್ಪ. ಬೆಟ್ಟ ನೀಲಿ ಅಲ್ಲ, ದೂರದಿಂದ ನೋಡೋರ್ಗೆ ನೀಲಿ. ನಾನು ಅಲ್ಲಿಂದ ಸೌದೆ ಹೊತ್ತೋಳು. ಅದ್ರ ಮೈಮೇಲೆ ಮಳೆನೀರು ಇಳ್ದಿರೋ ಕರೀ ಗೆರೆ ಐತೆ, ಹೆಂಗ್ಸು ತಲೆಕೂದ್ಲು ಬಿಚ್ಚಾಕ್ದಂಗೆ. ಅದ್ನ ಬರ್ದಿಲ್ವಲ್ಲ ನೀನು?"

ನಾವಿಬ್ಬರೂ ಬೆಚ್ಚಿ ನೋಡಿದೆವು. ಈ ಬೆಟ್ಟದ ಬಗ್ಗೆ ನಾನು ಬರೆದ ಯಾವ ಸಾಲಿನಲ್ಲೂ ಇಂಥ ಮಾತಿರಲಿಲ್ಲ.

ಯಾವಾಗವ್ವ ನೋಡಿದೆ ಇದನ್ನೆಲ್ಲ ಎಂದು ಕೇಳಿದೆ. ಅವ್ವ ಹೇಳಿದಳು. ಮದುವೆಯಾಗಿ ಬಂದ ವರ್ಷ. ಇದೇ ಕುಯ್ಲುಗಾಲ. ಬೆಳಿಗ್ಗೆ ಕುಯ್ಯುತ್ತಿದ್ದವಳು ಸೊಂಟ ನೆಟ್ಟಗೆ ಮಾಡಲು ಎದ್ದಾಗ ಮಂಜು ಹರಿದು ಬೆಟ್ಟ ಒಮ್ಮೆಗೇ ಎದುರಿಗೆ ಬಂತಂತೆ. ಅವಳ ತೌರಿನ ಕಡೆ ಬೆಟ್ಟವಿಲ್ಲ. ಕುಡುಗೋಲು ಕೈಯಲ್ಲೇ ಹಿಡಿದು ನಿಂತೇಬಿಟ್ಟಳಂತೆ. ಬದುವಿನ ಮೇಲಿದ್ದ ಹೊಲದವನು ಏನು ನೋಡ್ತಾ ನಿಂತೆ ಎಂದು ಕೂಗಿದ. ಸಂಜೆ ಎಲ್ಲರಿಗೂ ಪೂರ್ತಿ ಕೂಲಿ ಕೊಟ್ಟು ಅವ್ವನಿಗೆ ಅರ್ಧ ಹಿಡಿದುಕೊಂಡ.

"ಅವತ್ತಿಂದ ತಲೆ ಎತ್ತಿ ನಿಂತು ನೋಡ್ಲಿಲ್ಲ. ಬಗ್ಗೇ ನೋಡ್ದೆ. ಅರಿ ಕಟ್ಟೋವಾಗ ಒಂಚೂರು, ಹೊರೆ ಎತ್ತೋವಾಗ ಒಂಚೂರು. ಬುಟ್ಟಾಕ್ಲಿಲ್ಲ" ಅಂದಳು.

ನಾನು ಎದ್ದು ಹೊರಗೆ ಹೋದೆ. ಇಪ್ಪತ್ತು ಮೂವತ್ತು ವರ್ಷ ಒಬ್ಬ ಹೆಂಗಸು ಕದ್ದು ಬೆಟ್ಟ ನೋಡಿದ್ದಾಳೆ. ಕೂಲಿ ಹೋಗದಂತೆ, ಒಡೆಯನಿಗೆ ಗೊತ್ತಾಗದಂತೆ, ಚೂರುಚೂರಾಗಿ ನೋಡಿ ಒಂದು ಇಡೀ ಬೆಟ್ಟವನ್ನು ಕೂಡಿಸಿಟ್ಟುಕೊಂಡಿದ್ದಾಳೆ. ನಮ್ಮ ಜನಕ್ಕೆ ಸೌಂದರ್ಯ ಗೊತ್ತಿಲ್ಲ ಎನ್ನುವವರ ಮುಂದೆ ಈ ಸಂಗತಿ ಇಡುತ್ತೇನೆ. ನಮ್ಮ ಜನಕ್ಕೆ ಸೌಂದರ್ಯ ಬೇಡ ಎಂದುಕೊಂಡಿದ್ದ ನನ್ನ ಮುಂದೆಯೂ ಇಡುತ್ತೇನೆ. ಕಿತ್ತುಕೊಂಡದ್ದರ ಪಟ್ಟಿಯಲ್ಲಿ ಹೊಲ, ನೀರು, ಅಕ್ಷರ ಬರೆದಿದ್ದೇವೆ. ನಿಂತು ನೋಡುವ ಹೊತ್ತನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಅರ್ಧ ದಿನದ ಕೂಲಿ ಎಂದು ಅದಕ್ಕೆ ಬೆಲೆ ಕಟ್ಟಿದವರು ಅವರೇ. ಹೊಲ ಕೇಳುವ ಅರ್ಜಿಯಲ್ಲೇ ಅದನ್ನೂ ಕೇಳಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ನಿಮ್ಮ ಶಾಲೆಯ ಮಕ್ಕಳಿಗೆ ಚಿತ್ರ ಬರೆಯಿರಿ ಎಂದರೆ ಎಲ್ಲರೂ ಒಂದೇ ಚಿತ್ರ ಬರೆಯುತ್ತಾರೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ, ಒಂದು ಹೆಂಚಿನ ಮನೆ. ನಾನೂ ಬರೆದಿದ್ದೆ. ಹೊಳೆಯ ಆಚೆ ಒತ್ತಾಗಿ ನಾಲ್ಕು ಗುಡಿಸಲು ಸೇರಿಸಿದ್ದೆ. ನೋಡಿದ ಮೇಷ್ಟ್ರು, "ಇದ್ಯಾಕೋ ಬರ್ದೆ, ಚಿತ್ರ ಕೆಟ್ಟೋಯ್ತಲ್ಲ" ಎಂದು ರಬ್ಬರು ಕೊಟ್ಟರು. ಅಳಿಸಿದೆ. ನನ್ನ ಮೊದಲ ನಿಸರ್ಗ ಕವಿತೆ ಬಹುಶಃ ಆ ರಬ್ಬರಿನಿಂದಲೇ ಬರೆದದ್ದು. ದಯವಿಟ್ಟು ರಬ್ಬರು ಕೊಡಬೇಡಿ. ನಿನ್ನ ಮನೆ ಎಲ್ಲಿದೆ, ಅಲ್ಲಿಂದ ಬೆಟ್ಟ ಹೇಗೆ ಕಾಣುತ್ತದೆ ಎಂದು ಕೇಳಿ.

ಮಾರನೆಯ ದಿನ ಅವ್ವ ಕೂಲಿಗೆ ಹೋಗಲಿಲ್ಲ. ಗೆಳೆಯ ಅವಳನ್ನೂ ನನ್ನನ್ನೂ ಕರೆದುಕೊಂಡು ಬೆಟ್ಟದ ಬುಡಕ್ಕೆ ಹೋದ. ಹಲಗೆ ನಿಲ್ಲಿಸಿ, ಆ ಕರೀ ಗೆರೆ ಎಲ್ಲಿ ತೋರಿಸವ್ವಾ ಅಂದ. ಅವ್ವ ಬಂಡೆಯ ಮೇಲೆ ಕಾಲು ಚಾಚಿ ಕೂತು, ಸೆರಗು ಸರಿಮಾಡಿಕೊಂಡು, ಕೈಚಾಚಿ ತೋರಿಸಿದಳು. ಆಮೇಲೆ ಏನೂ ಮಾತಾಡದೆ ಮಧ್ಯಾಹ್ನದವರೆಗೂ ನೋಡಿದಳು. ಯಾರೂ ಕೂಗಲಿಲ್ಲ.